ಮುಂಬಯಿಯಲ್ಲಿ ಸರೋಜಾದೇವಿಯವರ ನೆನಪಿನ ಸಭೆ ನಡೆಸುವ ಬಗೆ

ಬಿ. ಸರೋಜಾದೇವಿಯವರು 2025ರ ಜುಲೈ 14ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಅವರ ನೆನಪಿಗೆಂದು ಮುಂಬಯಿ ಕನ್ನಡಿಗರು ಒಂದು ಸಂಜೆ ಸೇರುವುದಾದರೆ, ಆ ಹೊತ್ತೆಲ್ಲ ಭಾಷಣಕ್ಕೇ ಸಂದುಹೋಗದೆ ಅವರ ಅಭಿನಯವೇ ಕಣ್ಮುಂದೆ ನಿಲ್ಲುವಂತೆ ನೋಡಿಕೊಳ್ಳಬೇಕು. ಹಿಂದೊಮ್ಮೆ ಇಂಥದೇ ಸಭೆಯಲ್ಲಿ ಐವರು ಗಣ್ಯರು ಮಾತಾಡಿ ಮುಗಿಸುವಷ್ಟರಲ್ಲಿ ಚಿತ್ರ ತೋರಿಸಲು ಸಮಯವೇ ಉಳಿಯದೆ ಹೋದದ್ದು ನನ್ನನ್ನು ಇಂದಿಗೂ ಕಾಡುತ್ತದೆ.

ಮಾಟುಂಗದ ಮೈಸೂರು ಅಸೋಸಿಯೇಷನ್ನಿನಲ್ಲೋ ಮಾಹಿಮ್‌ನ ಕರ್ನಾಟಕ ಸಂಘದಲ್ಲೋ ಸಭಾಂಗಣವನ್ನು ಮೊದಲೇ ಕೇಳಿಡಿ. ಡೊಂಬಿವಲಿ, ಮೀರಾ ರೋಡ್ ಕಡೆಯವರು ಲೋಕಲ್ ಹಿಡಿದು ಮನೆ ಸೇರಬೇಕಾದ್ದರಿಂದ ಭಾನುವಾರ ಸಂಜೆ 5ಕ್ಕೆ ಆರಂಭಿಸಿ 7.30ಕ್ಕೆ ಮುಗಿಸಿರಿ.

ದೃಶ್ಯದ ಆಯ್ಕೆಗೆ ಹೆಚ್ಚು ಹೊತ್ತು ಕೊಡಿ. ಬಿ.ಆರ್. ಪಂತುಲು ಅವರ 'ಕಿತ್ತೂರು ಚೆನ್ನಮ್ಮ' (1961) ಚಿತ್ರದಲ್ಲಿ ರಾಣಿಯು ಬ್ರಿಟಿಷರಿಗೆ ಕಪ್ಪ ಕೊಡಲು ಒಪ್ಪದ ಸನ್ನಿವೇಶವನ್ನು ಎಲ್ಲರೂ ಬಲ್ಲರು. ಬಲ್ಲೆವೆಂಬ ಕಾರಣಕ್ಕೇ ಅದನ್ನು ಸರಿಯಾಗಿ ನೋಡುವುದನ್ನು ಬಿಟ್ಟಿದ್ದೇವೆ. ಮೊದಲ ಸಲ ಧ್ವನಿ ಪೂರ್ತಿ ಇಳಿಸಿ ತೋರಿಸಿ, ಆಗ ಪ್ರೇಕ್ಷಕರ ಗಮನ ಕಣ್ಣು, ಹುಬ್ಬು, ಕೊರಳು ನಿಂತ ನಿಲುವಿನ ಕಡೆಗೆ ತಾನಾಗಿ ಹೋಗುತ್ತದೆ. ಎರಡನೆಯ ಸಲ ಮಾತಿನೊಂದಿಗೆ ತೋರಿಸಿ. ಸ್ಪೀಕರನ್ನು ಸಭಾಂಗಣದ ಕೊನೆಯ ಸಾಲಿನಲ್ಲಿ ಕುಳಿತು ಮುಂಚೆಯೇ ಪರೀಕ್ಷಿಸಿರಿ, ಏಕೆಂದರೆ ಹಿರಿಯರು ಸಾಮಾನ್ಯವಾಗಿ ಬಾಗಿಲ ಬಳಿಯೇ ಕೂರುತ್ತಾರೆ.

ಅದೇ 1961ರಲ್ಲಿ ಅವರು ರಾಜೇಂದ್ರ ಕುಮಾರ್ ಜೊತೆ ಹಿಂದಿಯ 'ಸಸುರಾಲ್'ನಲ್ಲಿ ನಟಿಸಿದ್ದರು. ಅದಕ್ಕೂ ಮೊದಲು, 1959ರಲ್ಲಿ, ದಿಲೀಪ್ ಕುಮಾರ್ ಅವರ 'ಪೈಗಾಮ್' ಬಂದಿತ್ತು. ಪಕ್ಕದ ಮನೆಯ ಮರಾಠಿ ಅಜ್ಜಿಯರನ್ನೂ ಕರೆದು 'ಸಸುರಾಲ್'ನ ಒಂದು ಹಾಡು ಹಾಕಿದರೆ, ರಾಣಿಯಾಗಿ ಗುಡುಗಿದವರೇ ಅಲ್ಲಿ ನಾಚುವ ಚೆಲುವೆಯಾದದ್ದು ನಮಗೂ ಹೊಸದಾಗಿ ಕಾಣುತ್ತದೆ.

ಅನಂತರ ಮೈಕನ್ನು ಸಭಿಕರಿಗೆ ಕೊಡಿ. ಮಾಟುಂಗದ ಅರೋರಾ ಚಿತ್ರಮಂದಿರದಲ್ಲಿ ದಕ್ಷಿಣದ ಚಿತ್ರಗಳನ್ನು ನೋಡಿದ ಹಿರಿಯರು ಇನ್ನೂ ಇದ್ದಾರೆ. ಯಾರ ಜೊತೆ ಹೋಗಿದ್ದಿರಿ, ಯಾವ ದೃಶ್ಯಕ್ಕೆ ಅತ್ತಿರಿ ಎಂದು ಕೇಳಿ, ಅವರ ಒಪ್ಪಿಗೆ ಪಡೆದು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಿ.

ಸರೋಜಾದೇವಿಯವರ ಕಣ್ಣುಗಳನ್ನು ದಾನ ಮಾಡಲಾಯಿತು. ಆದ್ದರಿಂದ ಬಾಗಿಲ ಬಳಿ ಹೂವಿನ ಬುಟ್ಟಿಯ ಪಕ್ಕದಲ್ಲೇ ನೇತ್ರದಾನದ ಅರ್ಜಿಗಳನ್ನು ಇಡಿ. ಸಾವಿನ ನಂತರ 6 ಗಂಟೆಯೊಳಗೆ ನೇತ್ರಭಂಡಾರದವರು ಬರಬೇಕು, ಅಲ್ಲಿಯವರೆಗೆ ಫ್ಯಾನ್ ಆರಿಸಿ, ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಡಬೇಕು ಎಂಬುದನ್ನು ಅರ್ಜಿ ತುಂಬಿದವರಿಗಷ್ಟೇ ಅಲ್ಲ, ಅವರೊಂದಿಗೆ ಬಂದ ಮನೆಯವರಿಗೂ ತಿಳಿಸಿ ಹೇಳಿರಿ.