ಯೂರಿಯಾದಲ್ಲಿ ಪ್ರೋಟೀನ್ ಬಿಚ್ಚಿ ನೋಡಿದ್ದು

ಬಳ್ಳಾರಿ ಕಡೆ ಯೂರಿಯಾ ಅಂದರೆ ಭತ್ತದ ಗದ್ದೆಗೆ ಎರಚುವ ಗೊಬ್ಬರ, ಅಷ್ಟೇ. ಪ್ರಯೋಗಕ್ಕೆ ಯೂರಿಯಾ ಬೇಕು ಅಂದಾಗ ನಮ್ಮ ಲ್ಯಾಬ್ ಅಟೆಂಡರ್ "ಸೊಸೈಟಿಯಿಂದ ಒಂದು ಚೀಲ ತರ್ಲೇನ್ರೀ ಸರ್?" ಅಂದ. ಬೇಡ ಅಂದೆ. ಗೊಬ್ಬರದಲ್ಲಿ ಬೈಯುರೆಟ್ ಬೆರೆತಿರುತ್ತದೆ, ನಮಗೆ ಬೇಕಿದ್ದದ್ದು ಶುದ್ಧ ಪುಡಿ.

ಹಾಲಿನಲ್ಲಿ ಆಲ್ಫಾ ಲ್ಯಾಕ್ಟಾಲ್ಬುಮಿನ್ ಎಂಬ ಪ್ರೋಟೀನ್ ಇದೆ. 123 ಅಮಿನೋ ಆಮ್ಲಗಳ ಸರಪಳಿ, ಒಂದು ಕ್ಯಾಲ್ಸಿಯಂ ಹಿಡಿದುಕೊಂಡು ಗಟ್ಟಿಯಾಗಿ ಮಡಚಿ ಕೂತಿರುತ್ತದೆ. ಯೂರಿಯಾ ಹಾಕಿದರೆ ಬಿಚ್ಚಿಕೊಳ್ಳುತ್ತದೆ. ಒಂದೇ ಏಟಿಗೋ, ಮೆಲ್ಲಗೆ ಸಡಿಲಾಗುತ್ತಲೋ? ಎಂಎಸ್ಸಿ ಹುಡುಗರ ಜೊತೆ ಅದನ್ನೇ ನೋಡಲು ಹೊರಟೆ.

ನಮಗೆ ಬೇಕಿದ್ದದ್ದು 8 ಮೋಲಾರ್‌ನಷ್ಟು ಗಟ್ಟಿ ದ್ರಾವಣ, ಅಂದರೆ ಲೀಟರಿಗೆ ಸುಮಾರು 480 ಗ್ರಾಂ ಯೂರಿಯಾ. ಕರಗುವಾಗ ಅದು ಶಾಖ ಹೀರುತ್ತದೆ. ಮೇ ತಿಂಗಳ ಸೆಕೆಯಲ್ಲೂ ಬೀಕರ್ ಕೈಗೆ ಕೊರೆಯುತ್ತದೆ, ಕರಗುವುದು ಅಲ್ಲಿಗೇ ನಿಧಾನವಾಗುತ್ತದೆ. ಬಿಸಿ ಮಾಡೋಣ ಅಂತ ಹುಡುಗರಿಗೆ ಆಸೆ. ಬಿಡಲಿಲ್ಲ. ಜಾಸ್ತಿ ಕಾಯಿಸಿದರೆ ಯೂರಿಯಾದಿಂದ ಸಯನೇಟ್ ಹುಟ್ಟುತ್ತದೆ, ಅದು ಪ್ರೋಟೀನಿಗೇ ಅಂಟಿಕೊಳ್ಳುತ್ತದೆ. ಇಟ್ಟು ಹಳಸಿದ ದ್ರಾವಣದ ಕಥೆಯೂ ಅದೇ. ಹಾಗಾಗಿ ಅವತ್ತಿನದು ಅವತ್ತೇ.

ಟ್ಯೂಬುಗಳಲ್ಲಿ ಯೂರಿಯಾ ಸೊನ್ನೆಯಿಂದ ಸ್ವಲ್ಪ ಸ್ವಲ್ಪ ಏರುತ್ತದೆ, ಪ್ರೋಟೀನ್ ಮಾತ್ರ ಎಲ್ಲದರಲ್ಲೂ ಒಂದೇ ಅಳತೆ. ಯೂರಿಯಾ ಜಾಸ್ತಿ ಇರುವ ಟ್ಯೂಬಿಗೆ ಪ್ರೋಟೀನ್ ಬಿಟ್ಟರೆ ಒಳಗೆ ಎಳೆ ಎಳೆಯಾಗಿ ಸುಳಿ ಕಾಣುತ್ತದೆ. ಎಳೆ ಮಾಯವಾಗುವ ತನಕ ಟ್ಯೂಬನ್ನು ಮೆಲ್ಲಗೆ ತಲೆಕೆಳಗು ಮಾಡುತ್ತಿರಬೇಕು. ನೊರೆ ಬರುವಂತೆ ಕುಲುಕಬಾರದು. ಹೊರಗೆ 40 ಡಿಗ್ರಿ ಇರುವಾಗ ದ್ರಾವಣವನ್ನು ಬೆಳಕಿಗೆ ಒಡ್ಡುವ ಪುಟ್ಟ ಪಾರದರ್ಶಕ ಪಾತ್ರೆ, ಕ್ಯೂವೆಟ್ ಸುತ್ತ 25 ಡಿಗ್ರಿ ನೀರು ಹರಿಸುವುದೇ ದೊಡ್ಡ ಕೆಲಸ, ಕರೆಂಟ್ ಹೋದರಂತೂ ಮುಗಿಯಿತು.

ಈ ಪ್ರೋಟೀನಿನ ಸರಪಳಿಯಲ್ಲಿ ಟ್ರಿಪ್ಟೋಫ್ಯಾನ್ ಎಂಬ ಅಮಿನೋ ಆಮ್ಲ 4 ಕಡೆ ಇದೆ. 295 ನ್ಯಾನೋಮೀಟರ್ ತರಂಗಾಂತರದ ಬೆಳಕು ಬಿಟ್ಟರೆ ಅವು ಹೊಳೆಯುತ್ತವೆ. ಮಡಿಕೆಯೊಳಗಿದ್ದಾಗ 330ರ ಹತ್ತಿರ, ನೀರಿಗೆ ತೆರೆದುಕೊಂಡಾಗ 350ರ ಆಸುಪಾಸು. ಯೂರಿಯಾ ಏರಿದಂತೆ ಈ ಹೊಳಪು ಬದಲಾಗುವ ಗ್ರಾಫ್ ನೋಡಿದ ಹುಡುಗಿಯೊಬ್ಬಳು "ಗೆರೆ ನುಣ್ಣಗೆ ಬಾಗಿದೆ. ನಿಧಾನಕ್ಕೇ ಬಿಚ್ಚಿತು ಅಲ್ವಾ ಸರ್?" ಅಂದಳು.

ಅಷ್ಟರಿಂದ ಹೇಳಲಾಗದು. ತರಗತಿಯ ಸರಾಸರಿ ಅಂಕ 50 ಅಂದರೆ ಎಲ್ಲರಿಗೂ 50 ಬಂದಿರಬಹುದು, ಇಲ್ಲವೇ ಅರ್ಧ ಜನಕ್ಕೆ ನೂರು, ಉಳಿದವರಿಗೆ ಸೊನ್ನೆ. ಕ್ಯೂವೆಟ್ಟಿನಲ್ಲಿ ಕೋಟಿಗಟ್ಟಲೆ ಅಣುಗಳಿರುತ್ತವೆ, ಮಾಪಕ ತೋರಿಸುವುದು ಅವುಗಳ ಸರಾಸರಿ.

ಹಾಗಾಗಿ ಇನ್ನೊಂದು ಕಡೆಯಿಂದಲೂ ನೋಡಬೇಕು. ಸರಪಳಿಯ ಸುರುಳಿ ಎಷ್ಟು ಉಳಿದಿದೆ ಅಂತ ತಿಳಿಯಲು ಎಡಕ್ಕೆ, ಬಲಕ್ಕೆ ಸುತ್ತುವ ಬೆಳಕನ್ನು ಪ್ರೋಟೀನ್ ಹೀರುವುದರಲ್ಲಿನ ವ್ಯತ್ಯಾಸ ತೋರಿಸುವ ಸಿಡಿ ಯಂತ್ರದಲ್ಲಿ 222 ನ್ಯಾನೋಮೀಟರ್‌ನಲ್ಲಿ ಅಳೆಯುತ್ತಾರೆ. ನಮ್ಮಲ್ಲಿ ಅದಿಲ್ಲ. ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋದೆವು. ಪ್ರೋಟೀನನ್ನು ಪುಡಿಯಾಗಿಯೇ ಒಯ್ದು ಅಲ್ಲೇ ಕಲಸಿಕೊಂಡೆವು.

ಒಂದೇ ಏಟಿಗೆ ಬಿಚ್ಚಿದರೆ ಹೊಳಪಿನ ಗೆರೆ, ಸುರುಳಿಯ ಗೆರೆ ಎರಡೂ ಒಟ್ಟಿಗೇ ಬದಲಾಗಬೇಕು. ಕ್ಯಾಲ್ಸಿಯಂ ಇದ್ದಾಗ ಎರಡು ಗೆರೆಯೂ ಒಂದರ ಮೇಲೊಂದು ಕೂತವು. ಇಡಿಟಿಎ ಹಾಕಿ ಕ್ಯಾಲ್ಸಿಯಂ ಕಿತ್ತುಕೊಂಡಾಗ ಬೇರೆ ಬೇರೆಯಾದವು. ಟ್ರಿಪ್ಟೋಫ್ಯಾನ್ ಸುತ್ತಲಿನ ಬಿಗಿ ಮೊದಲೇ ಸಡಿಲಾಗಿತ್ತು, ಸುರುಳಿ ಆಮೇಲೂ ಉಳಿದಿತ್ತು. ಪಿಎಚ್ 2ರಲ್ಲಿ, ಅಂದರೆ ತುಂಬಾ ಹುಳಿ ದ್ರಾವಣದಲ್ಲಿ, ಇನ್ನೂ ಮಜಾ. ಅಲ್ಲಿ ಸುರುಳಿಯ ಗೆರೆ ಎಲ್ಲೂ ಧುಮುಕದೆ, ಮೊದಲ ಟ್ಯೂಬಿನಿಂದಲೇ ಇಳಿಜಾರಾಗಿ ಇಳಿಯುತ್ತದೆ.

ಗೆರೆ ಬೇರೆಯಾದವು ಅಂದ ಮಾತ್ರಕ್ಕೆ ಮೆಲ್ಲಗೆ ಬಿಚ್ಚಿತು ಅನ್ನುವುದು ಅವಸರವೇ. ಮಡಚಿದ್ದಕ್ಕೂ ಬಿಚ್ಚಿದ್ದಕ್ಕೂ ನಡುವೆ ಅರ್ಧ ಬಿಚ್ಚಿದ ಒಂದು ಮೆಟ್ಟಿಲಿದ್ದರೂ ಹೀಗೇ ಕಾಣುತ್ತದೆ. ಜಪಾನಿನ ಕುವಾಜಿಮಾ ತಂಡ 1976ರಲ್ಲಿ ಇದೇ ಪ್ರೋಟೀನಿಗೆ ಮೂರು ಸ್ಥಿತಿ ಅಂತಲೇ ಲೆಕ್ಕ ಹಾಕಿತ್ತು. ನಿಜಕ್ಕೂ ಮೆಟ್ಟಿಲಿಲ್ಲ ಅನ್ನಲು ಹತ್ತಾರು ಕಡೆಯಿಂದ ನೋಡಬೇಕು. 40ರ ಆಸುಪಾಸು ಅಮಿನೋ ಆಮ್ಲಗಳ ಬಿಬಿಎಲ್ ಎಂಬ ಪುಟ್ಟ ಪ್ರೋಟೀನಿನಲ್ಲಿ ವಿಕ್ಟರ್ ಮುನ್ಯೋಸ್ ತಂಡ 2006ರಲ್ಲಿ, ಪರಮಾಣುಗಳನ್ನು ಅಯಸ್ಕಾಂತದ ಬಲದಿಂದ ಗುರುತಿಸುವ ಎನ್‌ಎಂಆರ್‌ನಿಂದ ಒಂದೊಂದೇ ಪರಮಾಣು ನೋಡಿತು. ಒಂದೊಂದೂ ಒಂದೊಂದು ಉಷ್ಣತೆಯಲ್ಲಿ ಸಡಿಲಾಗುತ್ತಿತ್ತು. ಕೇಂಬ್ರಿಡ್ಜಿನ ಅಲನ್ ಫರ್ಶ್ಟ್ ಒಪ್ಪಲಿಲ್ಲ, ಜಗಳವೇ ಆಯಿತು. ನಮ್ಮ ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ನಲ್ಲಿ ಜಯಂತ್ ಉದಗಾಂವ್ಕರ್ ತಂಡ 2009ರಲ್ಲಿ ಮೊನೆಲಿನ್ ಎಂಬ ಸಿಹಿ ಪ್ರೋಟೀನಿನೊಳಗಿನ ದೂರಗಳನ್ನು ಅಳೆದು, ಬಿಚ್ಚುವಾಗ ರಚನೆ ಸ್ವಲ್ಪ ಸ್ವಲ್ಪವೇ ಕರಗುತ್ತದೆ ಅಂತ ತೋರಿಸಿತು.

ನನಗೆ ಕಂಪ್ಯೂಟರ್ ಹಾಕುವ ಗೆರೆಗಿಂತ ಕಚ್ಚಾ ಚುಕ್ಕಿಗಳ ಮೇಲೆ ನಂಬಿಕೆ ಜಾಸ್ತಿ. ಮಡಚಿದ್ದು, ಬಿಚ್ಚಿದ್ದು ಎಂಬ ಎರಡೇ ಸ್ಥಿತಿಯ ಸೂತ್ರ ಕೊಟ್ಟರೆ ಅದು ಇಳಿಜಾರಿನಲ್ಲೂ ಎರಡು ತುದಿಗೆ ಚಪ್ಪಟೆ ಜಾಗ ಹುಟ್ಟಿಸಿಬಿಡುತ್ತದೆ. ಅದಕ್ಕೇ ಎರಡೂ ತುದಿಯಲ್ಲಿ ಟ್ಯೂಬುಗಳನ್ನು ಒತ್ತೊತ್ತಾಗಿ ಇಡುತ್ತೇವೆ. ಫಿಟ್ ಮಾಡುವ ಮುಂಚೆ ಚುಕ್ಕಿಗಳನ್ನು ಪೆನ್ಸಿಲ್‌ನಿಂದ ಗ್ರಾಫ್ ಹಾಳೆ ಮೇಲೆ ಹಾಕಿಸುತ್ತೇನೆ.