ಅದೇ ವಿನಂತಿ ಎರಡು ಸಲ ಬಂದರೆ?

ಸರ್ವರ್‌ಗೆ ಹೋಗುವ ವಿನಂತಿ ಯಾವ ಕೆಲಸಕ್ಕೆಂದು ಹೇಳುವ ಗೆಟ್, ಪೋಸ್ಟ್, ಪುಟ್, ಪ್ಯಾಚ್, ಡಿಲೀಟ್ ಎಂಬ ಪಟ್ಟಿ ವೆಬ್ ಸೇವೆ ಬರೆಯುವವರಿಗೆಲ್ಲ ಬಾಯಿಪಾಠ. ಆದರೂ ಕೆಲಸಕ್ಕೆ ಇಳಿದಾಗ ಎಲ್ಲಕ್ಕೂ ಪೋಸ್ಟ್ ಹಾಕಿ ಕೈತೊಳೆದುಕೊಳ್ಳುವವರು ಬಹಳ. ವೆಬ್‌ನ ಸಂವಹನ ನಿಯಮವಾದ ಎಚ್‌ಟಿಟಿಪಿಯಲ್ಲಿ ಇವುಗಳಿಗೆ ವಿಧಾನಗಳು ಎನ್ನುತ್ತಾರೆ. ವಿಧಾನವೆಂದರೆ ಕೇವಲ ಹೆಸರಲ್ಲ, ಕೊಟ್ಟ ಮಾತು. ಬ್ರೌಸರ್, ಹಳೆಯ ಉತ್ತರಗಳ ಪ್ರತಿ ಇಟ್ಟುಕೊಳ್ಳುವ ಕ್ಯಾಶ್, ನಡುವೆ ನಿಂತು ವಿನಂತಿ ದಾಟಿಸುವ ಪ್ರಾಕ್ಸಿ ಎಲ್ಲವೂ ಆ ಮಾತನ್ನು ನಂಬಿಯೇ ನಡೆಯುತ್ತವೆ.

ಮೊದಲು ಕೇಳಿಕೊಳ್ಳಿ: ಈ ವಿನಂತಿ ಓದುವುದಕ್ಕಷ್ಟೇ ಬಂದಿದೆಯೇ? ಹಾಗಿದ್ದರೆ ಗೆಟ್. ಮಾಹಿತಿಯ ಒಡಲು ಬೇಡ, ಅದರ ಬಗೆಗಿನ ವಿವರ ಹೇಳುವ ಹೆಡರ್‌ಗಳಷ್ಟೇ ಸಾಕೆಂದರೆ ಹೆಡ್. ಗೆಟ್‌ನಿಂದ ಏನನ್ನೂ ಅಳಿಸಬಾರದು, ಬದಲಿಸಬಾರದು. 2005ರಲ್ಲಿ ಬಂದ ಗೂಗಲ್ ವೆಬ್ ಆಕ್ಸಲರೇಟರ್, ಪುಟದಲ್ಲಿದ್ದ ಲಿಂಕ್‌ಗಳನ್ನು ಬಳಕೆದಾರ ಒತ್ತುವ ಮೊದಲೇ ತಾನಾಗಿ ತೆರೆದಿಡುತ್ತಿತ್ತು. ‘ಅಳಿಸು’ ಎಂಬುದನ್ನೂ ಸಾದಾ ಲಿಂಕ್ ಮಾಡಿಟ್ಟಿದ್ದ ಜಾಲತಾಣಗಳಲ್ಲಿ ಜನರ ಮಾಹಿತಿ ಮಾಯವಾಯಿತು. ಬೈಗುಳ ಆ ಸಾಧನಕ್ಕೆ ಬಿತ್ತು. ನನ್ನ ಲೆಕ್ಕದಲ್ಲಿ ತಪ್ಪು ಲಿಂಕ್ ಬರೆದವರದು.

ಬದಲಾವಣೆ ಮಾಡುವ ವಿನಂತಿಯಾದರೆ ಎರಡನೆಯ ಪ್ರಶ್ನೆ: ಇದೇ ವಿನಂತಿ ಎರಡು ಸಲ ಬಂದರೆ ಏನಾದೀತು? ನಿಜವಾದ ಕಷ್ಟ ಇರುವುದು ಇಲ್ಲಿ. ಗ್ರಾಹಕರೊಬ್ಬರು ‘/ಆರ್ಡರ್‌ಗಳು’ ವಿಳಾಸಕ್ಕೆ ಪೋಸ್ಟ್ ಕಳಿಸಿದರು ಎನ್ನಿ. ಸರ್ವರ್ ಆರ್ಡರ್ ಬರೆದುಕೊಂಡಿತು, ಉತ್ತರ ಮಾತ್ರ ದಾರಿಯಲ್ಲೇ ಕಳೆದುಹೋಯಿತು. ಮೊಬೈಲ್ ಪರದೆಯಲ್ಲಿ ಚಕ್ರ ತಿರುಗುತ್ತಲೇ ಇದೆ. ಗ್ರಾಹಕರು ಮತ್ತೆ ಒತ್ತುತ್ತಾರೆ. ಈಗ ಆರ್ಡರ್ 57 ಒಂದು, 58 ಇನ್ನೊಂದು.

ಪುಟ್ ಬಳಸಿದ್ದರೆ? ಆಗ ಹೊಸ ಆರ್ಡರ್‌ನ ಗುರುತನ್ನು ಆ್ಯಪ್ ತಾನೇ ಆರಿಸಿ ‘/ಆರ್ಡರ್‌ಗಳು/ಕ9ಮ4’ ವಿಳಾಸಕ್ಕೇ ಪೂರ್ತಿ ವಿವರ ಕಳಿಸುತ್ತದೆ. ಹತ್ತು ಸಲ ಬಂದರೂ ಉಳಿಯುವುದು ಒಂದೇ ಆರ್ಡರ್. ಈ ಗುಣಕ್ಕೆ ಐಡೆಂಪೊಟೆಂಟ್ ಎನ್ನುತ್ತಾರೆ. ವಿಳಾಸ ಯಾರು ಆರಿಸುತ್ತಾರೆ ಎಂಬುದೇ ಇಲ್ಲಿ ಕೀಲಿ: ಸರ್ವರ್ ಆರಿಸಿದರೆ ಪೋಸ್ಟ್, ಕಳಿಸುವವರು ಆರಿಸಿದರೆ ಪುಟ್. ಪೋಸ್ಟ್ ಬಿಟ್ಟು ಗತಿಯಿಲ್ಲ ಎಂದಾದರೆ ಪ್ರತಿ ವಿನಂತಿಗೂ ಬೇರೆಯದೇ ಗುರುತು ಜೋಡಿಸಿ, ಅದೇ ಗುರುತು ಮತ್ತೆ ಬಂದಾಗ ಹಳೆಯ ಉತ್ತರವನ್ನೇ ಮರಳಿಸಿ.

ಪುಟ್ ಎಂದರೆ ಪೂರ್ತಿ ಬದಲಿ ಎಂಬುದನ್ನು ಮರೆಯಬೇಡಿ. ಪುಸ್ತಕದ ಬೆಲೆಯನ್ನಷ್ಟೇ ಪುಟ್‌ನಲ್ಲಿ ಕಳಿಸಿದರೆ ಶೀರ್ಷಿಕೆ, ಲೇಖಕರ ಹೆಸರು ಅಳಿಸಿಹೋಗುವುದೇ ನ್ಯಾಯ. ತುಣುಕು ಬದಲಾವಣೆಗೆಂದೇ 2010ರಲ್ಲಿ ಪ್ಯಾಚ್‌ಗೆ ಪ್ರತ್ಯೇಕ ನಿಯಮಾವಳಿ ಬಂತು. ಪ್ಯಾಚ್‌ನಲ್ಲೂ ಎಚ್ಚರ ಬೇಕು: ‘ದಾಸ್ತಾನು 5 ಆಗಲಿ’ ಎಂದರೆ ಎಷ್ಟು ಸಲ ಬಂದರೂ ಚಿಂತೆಯಿಲ್ಲ, ‘ದಾಸ್ತಾನು ಒಂದು ಕಡಿಮೆಯಾಗಲಿ’ ಎಂದರೆ ಎರಡನೆಯ ಸಲ ಲೆಕ್ಕ ತಪ್ಪುತ್ತದೆ.

ಡಿಲೀಟ್ ಸರಳ. ಎರಡನೆಯ ಸಲ 404, ಅಂದರೆ ‘ಸಿಗಲಿಲ್ಲ’ ಎಂಬ ಉತ್ತರ, ಬಂತೆಂದು ಗಾಬರಿ ಬೇಡ. ಉತ್ತರ ಬೇರೆಯಾದರೂ ವಸ್ತು ಇಲ್ಲವೆಂಬ ಸ್ಥಿತಿ ಅದೇ.

ಹುಡುಕಾಟದ ಷರತ್ತುಗಳು ಯುಆರ್‌ಎಲ್‌ನಲ್ಲಿ ಹಿಡಿಸದಷ್ಟಿದ್ದರೆ ಪೋಸ್ಟ್ ಬಳಸಿ, ಮಡಿವಂತಿಕೆ ಬೇಡ. ಗುಪ್ತಪದವೂ ಯುಆರ್‌ಎಲ್‌ಗೆ ಬೇಡ, ಅದು ಸರ್ವರ್‌ನ ಲಾಗ್‌ನಲ್ಲಿ, ಅಂದರೆ ದಾಖಲೆಯಲ್ಲಿ, ಉಳಿದುಬಿಡುತ್ತದೆ. ಇನ್ನು ಎಚ್‌ಟಿಎಂಎಲ್ ಫಾರ್ಮ್‌ಗಳಿಂದ ವಿನಂತಿ ಕಳಿಸಲು ಗೆಟ್, ಪೋಸ್ಟ್ ಎರಡೇ ದಾರಿ. ಅಲ್ಲಿ ‘ಅಳಿಸು’ ಗುಂಡಿಗೆ ಪೋಸ್ಟ್ ಸಾಕು.