ಎಳೆಯ ನಕ್ಷತ್ರ ದ್ರವ್ಯ ಕೂಡಿಸಿಕೊಳ್ಳುವ ವೇಗ: ನಾನು ಅಳೆಯುವ ಬಗೆ

ನಕ್ಷತ್ರವೊಂದು ಹುಟ್ಟಿ ಬೆಳೆಯುವುದನ್ನು ಆರಂಭದಿಂದ ಕೊನೆಯವರೆಗೆ ನೋಡಲು ಯಾರ ಆಯುಸ್ಸೂ ಸಾಲದು. ಆದರೆ ಅದು ಈ ಹೊತ್ತಿನಲ್ಲಿ ಯಾವ ವೇಗದಲ್ಲಿ ಅನಿಲವನ್ನು ಸೆಳೆದುಕೊಳ್ಳುತ್ತಿದೆ ಎಂಬುದನ್ನು ಒಂದು ಒಳ್ಳೆಯ ರೋಹಿತ, ಅಂದರೆ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದ ದಾಖಲೆ, ಹೇಳಿಬಿಡುತ್ತದೆ. ನಾನು ವರ್ಷಗಳಿಂದ ಮಾಡುತ್ತಾ ಬಂದಿರುವುದು ಈ ಲೆಕ್ಕವನ್ನೇ.

ನಾನು ನೋಡುವವು ಟಿ ಟೌರಿ ಎಂಬ ಬಗೆಯ ಎಳೆಯ ನಕ್ಷತ್ರಗಳು. ಖಗೋಳವಿಜ್ಞಾನಿ ಆಲ್ಫ್ರೆಡ್ ಜಾಯ್ 1945ರಲ್ಲಿ ಇವನ್ನು ಪ್ರತ್ಯೇಕ ಗುಂಪೆಂದು ಗುರುತಿಸಿದರು. ಸುತ್ತಲೂ ಅನಿಲ ಮತ್ತು ದೂಳಿನ ತಟ್ಟೆ ಇರುತ್ತದೆ. ತಟ್ಟೆಯ ಅನಿಲ ನೇರವಾಗಿ ನಕ್ಷತ್ರಕ್ಕೆ ತಾಗುವುದಿಲ್ಲ. ನಕ್ಷತ್ರದ ಬಲವಾದ ಕಾಂತಕ್ಷೇತ್ರ ಅದನ್ನು ಕೆಲವು ತ್ರಿಜ್ಯಗಳಷ್ಟು ಆಚೆಯೇ ತಡೆದು, ತನ್ನ ಬಲರೇಖೆಗಳ ಗುಂಟ ಮೇಲ್ಮೈಗೆ ಇಳಿಸುತ್ತದೆ. ಸೂರ್ಯನ ಅರ್ಧದಷ್ಟು ದ್ರವ್ಯರಾಶಿ, ಎರಡರಷ್ಟು ತ್ರಿಜ್ಯ ಇರುವ ನಕ್ಷತ್ರದ ಮೇಲೆ ಐದು ತ್ರಿಜ್ಯಗಳ ದೂರದಿಂದ ಬೀಳುವ ಅನಿಲ ಸೆಕೆಂಡಿಗೆ ಸುಮಾರು 275 ಕಿಲೋಮೀಟರ್ ವೇಗದಲ್ಲಿ ಅಪ್ಪಳಿಸುತ್ತದೆ. ಬಡಿದ ಜಾಗದಲ್ಲಿ ಉಷ್ಣತೆ ಹತ್ತು ಲಕ್ಷ ಕೆಲ್ವಿನ್‌ನಷ್ಟಕ್ಕೆ ಏರುತ್ತದೆ. ಆ ಶಕ್ತಿಯ ಬಹುಪಾಲು ನೇರಳಾತೀತ ಮತ್ತು ನೀಲಿ ಬೆಳಕಾಗಿ ಹೊರಬರುತ್ತದೆ. ಈ ಹೆಚ್ಚುವರಿ ಬೆಳಕು ಎಷ್ಟೆಂದು ತಿಳಿದರೆ ಬಿದ್ದ ಅನಿಲ ಎಷ್ಟೆಂಬುದೂ ತಿಳಿಯುತ್ತದೆ.

ರೋಹಿತ ಕೈಗೆ ಬಂದೊಡನೆ ನಾನು ಮೊದಲು ಹುಡುಕುವುದು 6708 ಆಂಗ್‌ಸ್ಟ್ರಾಂನಲ್ಲಿರುವ (ಆಂಗ್‌ಸ್ಟ್ರಾಂ ಬೆಳಕಿನ ತರಂಗಾಂತರ ಅಳೆಯುವ ಮಾನ) ಲಿಥಿಯಂ ರೇಖೆಯನ್ನು. ಇಂಥ ತಂಪು ನಕ್ಷತ್ರಗಳು ವಯಸ್ಸಾದಂತೆ ಲಿಥಿಯಂ ಕಳೆದುಕೊಳ್ಳುತ್ತವೆ. ಅದು ದಟ್ಟವಾಗಿ ಕಂಡರೆ ನಕ್ಷತ್ರ ಎಳೆಯದೆಂಬ ಭರವಸೆ ಮೂಡುತ್ತದೆ. ಆಮೇಲೆ ಅದೇ ಉಷ್ಣತೆಯ ವರ್ಗದ, ಆದರೆ ಅನಿಲ ಸೆಳೆಯದ ನಕ್ಷತ್ರದ ರೋಹಿತವನ್ನು ಪಕ್ಕಕ್ಕಿಟ್ಟು ಹೋಲಿಸುತ್ತೇನೆ. ಹೆಚ್ಚುವರಿ ಬೆಳಕು ಬೆರೆತಿದ್ದರೆ ಕಪ್ಪು ರೇಖೆಗಳೆಲ್ಲ ಆಳ ಕಳೆದುಕೊಂಡು ತೆಳುವಾಗಿರುತ್ತವೆ.

ಎಲ್ಲಕ್ಕಿಂತ ಹೆಚ್ಚು ಹೊತ್ತು ನನ್ನನ್ನು ಹಿಡಿದಿಡುವುದು 6563 ಆಂಗ್‌ಸ್ಟ್ರಾಂನ ಹೈಡ್ರೋಜನ್ ಆಲ್ಫಾ ರೇಖೆ. ಬರಿಯ ಎತ್ತರ ನೋಡಿ ತೀರ್ಮಾನಿಸಬಾರದು. ಚಿಕ್ಕ ಕೆಂಪು ನಕ್ಷತ್ರಗಳಲ್ಲಿ ಮೇಲ್ಮೈಯ ಕಾಂತೀಯ ಚಟುವಟಿಕೆಯೇ ಈ ರೇಖೆಯನ್ನು ಬೆಳಗಿಸಬಲ್ಲದು. ಅಗಲ ಅಷ್ಟು ಸುಲಭವಾಗಿ ದಾರಿ ತಪ್ಪಿಸುವುದಿಲ್ಲ. ಶಿಖರದ ಹತ್ತನೇ ಒಂದು ಎತ್ತರದಲ್ಲಿ ರೇಖೆಯ ಅಗಲ, ಅನಿಲದ ವೇಗದ ಲೆಕ್ಕದಲ್ಲಿ, ಸೆಕೆಂಡಿಗೆ 270 ಕಿಲೋಮೀಟರ್ ಮೀರಿದ್ದರೆ, ಸಾಮಾನ್ಯವಾಗಿ ಅನಿಲ ಬೀಳುತ್ತಿದೆ ಎಂದೇ ಅರ್ಥ. ಕೆಲವೊಮ್ಮೆ ರೇಖೆಯ ಕೆಂಪು ಬದಿಯಲ್ಲಿ ಸಣ್ಣ ತಗ್ಗೊಂದು ಕಾಣುತ್ತದೆ. ಅದು ನಮ್ಮಿಂದ ದೂರ ಸರಿಯುತ್ತಾ ನಕ್ಷತ್ರದತ್ತ ಧಾವಿಸುತ್ತಿರುವ ಅನಿಲವೇ ಹಾಕಿದ ಗುರುತು. ಅದನ್ನು ಕಂಡಾಗ ಇಂದಿಗೂ ನನಗೆ ಮೈ ಜುಮ್ಮೆನ್ನುತ್ತದೆ. ಓರಿಯನ್ ನೀಹಾರಿಕೆಯಂಥ ಕಡೆ ಮಾತ್ರ ಹಿನ್ನೆಲೆಯ ಅನಿಲವೂ ಇದೇ ಬಣ್ಣದಲ್ಲಿ ಹೊಳೆಯುತ್ತದೆ. ಅಗಲವಾದ ರೇಖೆಯ ನೆತ್ತಿಯ ಮೇಲೆ ಚೂಪಾದ ಮುಳ್ಳೊಂದು ನಿಂತಿರುತ್ತದೆ. ಅದನ್ನು ಶುದ್ಧವಾಗಿ ಕಳೆಯಲಾಗದಿದ್ದರೆ ನಾನು 8542 ಆಂಗ್‌ಸ್ಟ್ರಾಂನ ಕ್ಯಾಲ್ಸಿಯಂ ರೇಖೆಗೆ ಹೋಗುತ್ತೇನೆ.

ಹೆಚ್ಚುವರಿ ಬೆಳಕು ನಿಜಕ್ಕೂ ಎಷ್ಟೆಂದು ಲೆಕ್ಕಹಾಕಲು ನಕ್ಷತ್ರದ ದೂರ ಬೇಕು, ಅದನ್ನು ಗಾಯಾ ಉಪಗ್ರಹದ ಅಳತೆಯಿಂದ ತೆಗೆದುಕೊಳ್ಳುತ್ತೇನೆ. ದೂಳು ನುಂಗಿದ ಬೆಳಕನ್ನು ಸರಿಪಡಿಸುವುದೇ ಕಷ್ಟದ ಕೆಲಸ, ಅಲ್ಲಿ ಒಂದು ಕಾಂತಿಮಾನ (ನಕ್ಷತ್ರದ ಬೆಳಕನ್ನು ಅಳೆಯುವ ಮಾನ) ಹೆಚ್ಚುಕಡಿಮೆಯಾದರೆ ಉತ್ತರ ಎರಡೂವರೆ ಪಟ್ಟು ಬದಲಾಗುತ್ತದೆ.

ಟಿ ಟೌರಿ ನಕ್ಷತ್ರಗಳಿಗೆ ಸಾಮಾನ್ಯವಾಗಿ ಸಿಗುವ ಉತ್ತರ, ವರ್ಷಕ್ಕೆ ಸೂರ್ಯನ ದ್ರವ್ಯರಾಶಿಯ ಹತ್ತು ಕೋಟಿಯಲ್ಲಿ ಒಂದು ಪಾಲು. ಅಂದರೆ ನಾಲ್ಕು ವರ್ಷದೊಳಗೆ ನಮ್ಮ ಚಂದ್ರನಷ್ಟು. ಕೇಳಲು ದೊಡ್ಡದೇ, ಆದರೆ ಈ ವೇಗದಲ್ಲಿ ಅರ್ಧ ಸೂರ್ಯನಷ್ಟು ಕೂಡಿಸಲು ಐದು ಕೋಟಿ ವರ್ಷ ಬೇಕು. ತಟ್ಟೆಗಳಲ್ಲಿ ಬಹಳಷ್ಟು ಹತ್ತು ಲಕ್ಷದಿಂದ ಒಂದು ಕೋಟಿ ವರ್ಷದೊಳಗೆ ಕರಗಿಹೋಗುತ್ತವೆ. ಹಾಗಾದರೆ ನಾನು ಅಳೆಯುತ್ತಿರುವುದು ಬೆಳವಣಿಗೆಯ ಕೊನೆಯ ತುಣುಕನ್ನು. ಮುಖ್ಯ ಭಾಗ ದೂಳಿನ ಹೊದಿಕೆಯೊಳಗೆ ಮೊದಲೇ ನಡೆದುಹೋಗಿದೆ.

ಆ ಹೊದಿಕೆಯೊಳಗಿನ ಶಿಶುನಕ್ಷತ್ರಗಳು ಒಂದೇ ಸಮನೆ ಬೆಳೆಯುತ್ತಿದ್ದರೆ ಈಗ ಕಾಣುವುದಕ್ಕಿಂತ ಹೆಚ್ಚು ಪ್ರಕಾಶಮಾನವಾಗಿರಬೇಕಿತ್ತು. ವೃಷಭ ರಾಶಿಯ ಮೋಡಗಳನ್ನು ಅಧ್ಯಯನ ಮಾಡಿದ ಕೆನ್ಯನ್, ಹಾರ್ಟ್‌ಮನ್ ಮತ್ತು ಸಂಗಡಿಗರು 1990ರಲ್ಲಿ ಈ ಕೊರತೆಯನ್ನು ಎತ್ತಿ ತೋರಿಸಿದರು. ದ್ರವ್ಯ ಆಗಾಗ ಒಮ್ಮೆಲೇ ಸುರಿಯುತ್ತದೆ ಎಂಬುದು ನನಗೆ ಹೆಚ್ಚು ಒಪ್ಪಿಗೆಯಾದ ಉತ್ತರ. ಎಫ್‌ಯು ಓರಿಯಾನಿಸ್ ಎಂಬ ಎಳೆಯ ನಕ್ಷತ್ರ 1936–37ರಲ್ಲಿ ಸುಮಾರು ಆರು ಕಾಂತಿಮಾನದಷ್ಟು ಬೆಳಗಿತು, ಇಂದಿಗೂ ಪೂರ್ತಿ ಆರಿಲ್ಲ. ಅದು ಸೆಳೆಯುವ ವೇಗ ವರ್ಷಕ್ಕೆ ಸೂರ್ಯನ ಹತ್ತು ಸಾವಿರದಲ್ಲಿ ಒಂದು ಪಾಲಿನ ಆಸುಪಾಸು. ಸಾಧಾರಣ ಟಿ ಟೌರಿ ನಕ್ಷತ್ರ ಹತ್ತು ಲಕ್ಷ ವರ್ಷದಲ್ಲಿ ಕೂಡಿಸುವುದನ್ನು ಅದು ಒಂದು ಶತಮಾನದಲ್ಲಿ ಕೂಡಿಸಿಬಿಡುತ್ತದೆ. ಇಂಥ ಘಟನೆ ಹಿಡಿಯಲು ದೊಡ್ಡ ದೂರದರ್ಶಕವೇ ಬೇಕೆಂದಿಲ್ಲ. 2004ರ ಜನವರಿಯಲ್ಲಿ ಹವ್ಯಾಸಿ ವೀಕ್ಷಕ ಜೇ ಮೆಕ್‌ನೀಲ್ ಮೂರು ಅಂಗುಲದ ದೂರದರ್ಶಕದ ಚಿತ್ರದಲ್ಲೇ ವಿ1647 ಓರಿಯಾನಿಸ್ ಎಂಬ ಎಳೆಯ ನಕ್ಷತ್ರದ ಸ್ಫೋಟದಿಂದ ಬೆಳಗಿದ ಹೊಸ ನೀಹಾರಿಕೆಯನ್ನು ಕಂಡರು.

ಆದ್ದರಿಂದ ಒಂದು ರಾತ್ರಿಯ ರೋಹಿತದ ಅಂಕಿಯನ್ನು ನಾನು ಆ ನಕ್ಷತ್ರದ ಸ್ವಭಾವವೆಂದು ಬರೆಯುವುದಿಲ್ಲ. ಅದೇ ನಕ್ಷತ್ರವನ್ನು ವಾರಗಳ ಅಂತರದಲ್ಲಿ, ಸಾಧ್ಯವಾದರೆ ವರ್ಷಗಳ ಅಂತರದಲ್ಲಿ ಮತ್ತೆ ನೋಡುತ್ತೇನೆ. ಜೊತೆಗೆ ನಿಯೋವೈಸ್ ಉಪಗ್ರಹದ ಸಂಗ್ರಹವನ್ನು ತೆರೆಯುತ್ತೇನೆ. ಅದು 2013ರ ಕೊನೆಯಿಂದ 2024ರವರೆಗೆ ಸುಮಾರು ಆರು ತಿಂಗಳಿಗೊಮ್ಮೆ ಇಡೀ ಆಕಾಶವನ್ನು 3.4 ಮತ್ತು 4.6 ಮೈಕ್ರಾನ್ ಅವಕೆಂಪು ಬೆಳಕಿನಲ್ಲಿ ದಾಖಲಿಸಿದೆ. ದೂಳಿನ ಹಿಂದೆ ಅಡಗಿರುವ ನಕ್ಷತ್ರ ಇದ್ದಕ್ಕಿದ್ದಂತೆ ಬೆಳಗಿದ್ದರೆ ಆ ಬಿಂದುಗಳ ಸಾಲಿನಲ್ಲಿ ಏರು ಸ್ಪಷ್ಟವಾಗಿ ಕಾಣುತ್ತದೆ. ಮುಂದಿನ ರೋಹಿತ ಯಾವುದರದ್ದು ತೆಗೆಯಬೇಕೆಂಬುದನ್ನು ಈಗ ಅಲ್ಲಿಂದಲೇ ಆರಿಸಿಕೊಳ್ಳುತ್ತೇನೆ.